ಅರ್ಜಿ ಕಾಕಾ

ಪ್ರತಿ ಬ್ಯಾಂಕ್ ಶಾಖೆಯಲ್ಲೂ ಒಬ್ಬರು ಅರ್ಜಿ ಕಾಕಾ ಇದ್ದೇ ಇರುತ್ತಾರೆ. ವರ್ಗಾವಣೆಯ ಕಾಲ ಬಂತೆಂದರೆ ಅವರ ಬೆನ್ನು ಹಿಡಿದುಕೊಳ್ಳುತ್ತದೆ, ತಾಯಿಯ ಸಕ್ಕರೆ ಏರುತ್ತದೆ, ಮಗಳು ಪಿಯುಸಿಗೆ ಬರುತ್ತಾಳೆ. ಎಲ್ಲಕ್ಕೂ ದಾಖಲೆ ಲಗತ್ತು.

ಪಟ್ಟದಕಲ್ಲಿನ ಸಮೀಪದ ಶಾಖೆಯಲ್ಲಿ ನಾನು ಮೂರು ವರ್ಷ ಸಹಿಸಿದ ಕಾಕಾಗೆ ಧಾರವಾಡ ಬೇಕಿತ್ತು. ಇಂಗ್ಲಿಷಿನಲ್ಲಿ ಏಳು ಅರ್ಜಿ ಬರೆದುಕೊಟ್ಟೆ. ಒಂದೂ ಫಲಿಸಲಿಲ್ಲ. ನನ್ನ ವ್ಯಾಕರಣವೇ ಕಾರಣವೆಂದು ಶಾಖೆಗೆಲ್ಲ ಸಾರಿದರು.

ಅವರ ಅಸಲಿ ಸಿಟ್ಟು ಬೇರೆ. "ಕ್ಲಾರ್ಕ್ ಆಗಾಕ ಕನ್ನಡ ಬೇಕು, ಮ್ಯಾನೇಜರ್ ಆಗಾಕ ಬ್ಯಾಡ! ಹಿಂದಿ ಪ್ರಾಜ್ಞ ಪಾಸಾದ್ರ ರೊಕ್ಕ. ದಿನಾ ದುಭಾಷಿ ಕೆಲಸಾ ಮಾಡಿದ್ರ? ಅರ್ಧ ಕಪ್ ಚಾ!"

ಒಮ್ಮೆ ಇಳಕಲ್ ಸೀರೆಯ ಮುದುಕಿಯೊಬ್ಬಳು ಬಿಹಾರದ ಮ್ಯಾನೇಜರರ ಮುಂದೆ ಕೂತು, "ನನಗ ಯಾರ ಆಧಾರಾನೂ ಇಲ್ರೀ ಸಾಹೇಬ್ರ" ಎಂದು ಸೆರಗು ಕಣ್ಣಿಗೊತ್ತಿಕೊಂಡಳು. ಮ್ಯಾನೇಜರರಿಗೆ ತಿಳಿದದ್ದು ಒಂದೇ ಶಬ್ದ. "ನೋ ಆಧಾರ್? ನೋ ಪೆನ್ಶನ್!" ಮುದುಕಿ ಗಂಡ ಸತ್ತದ್ದು, ಮಗ ಗೋವಾಕ್ಕೆ ದುಡಿಯಲು ಹೋದದ್ದು, ಮಲಪ್ರಭೆ ಹೊಲ ನುಂಗಿದ್ದು ಎಲ್ಲ ಹೇಳಿದಳು. ಅವರು ಒಂದೊಂದಕ್ಕೂ ಆಧಾರ್ ಅರ್ಜಿಯನ್ನೇ ಮುಂದೆ ಚಾಚಿದರು. ಕಾಕಾ ಓಡಿಬಂದು ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆ, ಹೊರಗೆ ನಲವತ್ತು ಜನ. ಆಕೆಯ ಸಂಚಿಯಲ್ಲಿ ಆಧಾರ್ ಕಾರ್ಡು ಬೆಚ್ಚಗೆ ಇತ್ತು.

ಹೊಸಬರು ಯಾರೇ ಬರಲಿ, ಕಾಕಾ ಅವರನ್ನು ಪಟ್ಟದಕಲ್ಲಿನ 754ರ ಸ್ತಂಭಶಾಸನದ ಮುಂದೆ ನಿಲ್ಲಿಸುತ್ತಿದ್ದರು. ಚಾಲುಕ್ಯ ದೊರೆ ಇಮ್ಮಡಿ ಕೀರ್ತಿವರ್ಮನ ಕಾಲದ್ದು. ಸಂಸ್ಕೃತದ ಅದೇ ಒಕ್ಕಣೆ, ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲೊಮ್ಮೆ, ನಮ್ಮ ಹಳಗನ್ನಡ ಲಿಪಿಯಲ್ಲೊಮ್ಮೆ. "ಬಂದವ್ರಿಗೂ ತಿಳೀಬೇಕು, ಇದ್ದವ್ರಿಗೂ ತಿಳೀಬೇಕು. ಇವ್ನ ಅಪ್ಪ ವಿಕ್ರಮಾದಿತ್ಯ ಕಂಚಿ ಗೆದ್ದು, ಕೈಲಾಸನಾಥನ ಗುಡಿಯಾಗ ಕನ್ನಡದಾಗ ಬರಿಸಿ ಬಂದಾನ. ಅಂವಗ ಯಾವ ಸುತ್ತೋಲೆ ಇತ್ತು?" ಹತ್ತನೇ ಸಲ ಕೇಳುವಾಗ ಕಂಬವನ್ನೇ ಕಿತ್ತೊಗೆಯೋಣ ಅನಿಸಿದ್ದುಂಟು.

ಆದರೆ ಸಂಜೆ ಷಟರ್ ಎಳೆದ ಮೇಲೆ ಬಿಹಾರದ ಆ ಮನುಷ್ಯನಿಗೆ ಕನ್ನಡ ಕಲಿಸಿದವರೂ ಇದೇ ಕಾಕಾ. ಎರಡೂವರೆ ವರ್ಷ. ಕೊನೆಗೊಂದು ದಿನ ಸಾಹೇಬರು ಕುರ್ಚಿ ಬಿಟ್ಟೆದ್ದು ಅದೇ ಮುದುಕಿಗೆ, "ಯವ್ವಾ, ಆರಾಮ ಅದೀರಿ? ಮಗಾ ಬಂದಾನೇನು?" ಅಂದರು. ಕಾಕಾ ಲೆಡ್ಜರಿನಲ್ಲಿ ಮುಖ ಮರೆಸಿಕೊಂಡರು.

ಅದೇ ತಿಂಗಳು ಆದೇಶ ಬಂತು: ಮ್ಯಾನೇಜರರಿಗೆ ಗುಂಟೂರು.

ಕಾಕಾ ಎಂಟನೆಯ ಅರ್ಜಿ ಬರೆಸಿದರು. ಧಾರವಾಡದ ಮಾತಿಲ್ಲ. ಈ ಅಧಿಕಾರಿಗೆ ಈಗ ಕನ್ನಡ ಬರುತ್ತದೆ, ದಯವಿಟ್ಟು ಕರ್ನಾಟಕದಲ್ಲೇ ಇಟ್ಟುಕೊಳ್ಳಿ ಎಂದಷ್ಟೇ. ವ್ಯಾಕರಣವನ್ನು ಮೂರು ಸಲ ತಿದ್ದಿದೆ. ಆಗುವುದಿಲ್ಲವೆಂಬ ಉತ್ತರ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬಂತು.

ಮರುವರ್ಷ, ಕೇಳದಿದ್ದರೂ, ನನಗೆ ಧಾರವಾಡ ಸಿಕ್ಕಿತು. ಕಾಕಾ ಆರು ತಿಂಗಳು ಮಾತು ಬಿಟ್ಟರು. ಹೋದ ವಾರ ಅವರೇ ಫೋನ್ ಮಾಡಿದ್ದರು. ಹೊಸ ಮ್ಯಾನೇಜರು ಜೈಪುರದವರಂತೆ. ಪಾಠ 'ಕುಂದರ್ರಿ'ವರೆಗೆ ಬಂದಿದೆಯಂತೆ.