ರಾಯರ ಸಮಗ್ರ ಅರ್ಜಿಗಳು

ಮನೆ ಕಂದಾಯದ ರಸೀದಿಯನ್ನು ಪೂರ್ತಿ ಓದುವವರು ಅಪರೂಪ. ಓದಿದರೆ ಗ್ರಂಥಾಲಯ ಕರ ಕಣ್ಣಿಗೆ ಬೀಳುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕೃಪೆ: ನೂರು ರೂಪಾಯಿ ಕಂದಾಯಕ್ಕೆ 6 ರೂಪಾಯಿ. ಅಂದರೆ ಪಂಚಾಂಗ ಬಿಟ್ಟು ಬೇರೇನೂ ಓದದ ನಮ್ಮ ಪಕ್ಕದ ಮನೆ ರಾಯರೂ ಸಾಹಿತ್ಯ ಪೋಷಕರೇ! ಹೇಳಿದೆ. "ಹಾಗಾದ್ರೆ ನನಗೂ ಒಂದು ಶಾಲು ಬರಬೇಕಲ್ಲ ಸ್ವಾಮಿ?" ಅಂದರು.

ಶಾಲಿಗೇನು ಬರ? ಎಷ್ಟೋ ಪುಸ್ತಕ ಬಿಡುಗಡೆಗಳಲ್ಲಿ ವೇದಿಕೆ ತುಂಬಿರುತ್ತದೆ, ಕುರ್ಚಿಗಳು ಖಾಲಿ. ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೊಕ್ಕೆ ನಿಂತವರು, "ಕೃತಿಯನ್ನು ಪೂರ್ತಿ ಓದಲಾಗಿಲ್ಲ" ಎಂದು ಮುಕ್ಕಾಲು ಗಂಟೆ ಮಾತಾಡುತ್ತಾರೆ. 1915ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಾಹಿತ್ಯ ಸಮ್ಮೇಳನದ ಮಾತೇ ಬೇರೆ. ಅಲ್ಲಿ ಜನ ಬರುತ್ತಾರೆ, ಪುಸ್ತಕ ಕೊಳ್ಳುತ್ತಾರೆ, ಊಟದ ಸಾಲಿನಲ್ಲಿ ನಿಂತು ಗೋಷ್ಠಿಗಿಂತ ಚೆನ್ನಾಗಿ ಜಗಳವಾಡುತ್ತಾರೆ. ಕೊನೆಯ ದಿನದ ನಿರ್ಣಯಗಳನ್ನು ಸರ್ಕಾರ ಓದುತ್ತದೋ ಇಲ್ಲವೋ, ಚಪ್ಪಾಳೆಯಂತೂ ಬೀಳುತ್ತದೆ.

ರಾಯರು ಈಗ ದಿನಾ ಬಡಾವಣೆಯ ಗ್ರಂಥಾಲಯದಲ್ಲಿ ಹಾಜರ್. ಪುಸ್ತಕ ಮುಟ್ಟುವುದಿಲ್ಲ, ಕೆಟ್ಟ ಫ್ಯಾನು, ಉರಿಯದ ದೀಪ, ಕಾಣೆಯಾದ ಪತ್ರಿಕೆ ಎಲ್ಲಕ್ಕೂ ವಾರ್ಡ್ ಕಚೇರಿಗೆ ಅರ್ಜಿ ಗೀಚುತ್ತಾರೆ. ಇತ್ತೀಚಿನವುಗಳಲ್ಲಿ ಒಳ್ಳೆಯ ಶೈಲಿಯೇ ಮೂಡಿದೆ. ಮುನ್ನುಡಿಗೆ ನನ್ನನ್ನು ಕೇಳಿದ್ದಾರೆ.