ಕಾಕಾ ಮತ್ತು ಕೆಂಪು ಗೆರೆ

ಪ್ರವಾಸ ಹೋಗುವವರು ಬೇರೆ, ಪ್ರವಾಸದ ತಯಾರಿ ಮಾಡುವವರು ಬೇರೆ. ಎರಡನೆಯ ಜಾತಿಯವರು ಪಂಢರಪುರಕ್ಕೆ ಹೊರಟರೂ ರೈಲಿನ ವೇಳಾಪಟ್ಟಿಗೆ ಮೂರು ನಕಲು ತೆಗೆದು ಒಂದನ್ನು ಹಾಸಿಗೆಯ ಸುರುಳಿಯೊಳಗೆ ಇಡುತ್ತಾರೆ. ಹೊರಡುವುದು ಯಾವಾಗ ಎಂಬುದೊಂದನ್ನು ಅವರಿಗೆ ಕೇಳಬಾರದು.

ಮಿರಜಿನ ನಮ್ಮ ಕಾಕಾ ಈ ಜಾತಿಯ ಮುಕುಟಮಣಿ. ಮಗಳು ಬಾಸ್ಟನ್ನಿನಲ್ಲಿ ಮನೆ ಮಾಡಿದಾಗಿನಿಂದ ಅವರ ನೋಟಬುಕ್ಕಿನ ತುಂಬ ಫ್ರೀಡಂ ಟ್ರೇಲು. ಬಾಸ್ಟನ್ ಕಾಮನ್‌ನಿಂದ ಬಂಕರ್ ಹಿಲ್‌ವರೆಗೆ ಎರಡೂವರೆ ಮೈಲು, 16 ಐತಿಹಾಸಿಕ ಸ್ಥಳ. ನೆಲದ ಮೇಲಿನ ಕೆಂಪು ಗೆರೆ ಹಿಡಿದು ನಡೆದರೆ ದಾರಿ ಕೇಳುವ ಪ್ರಸಂಗವೇ ಇಲ್ಲ. ಆದರೂ ಕಾಕಾ ಪ್ರತಿ ತಿರುವನ್ನೂ ಬಾಯಿಪಾಠ ಮಾಡಿದ್ದಾರೆ, ಗೆರೆ ಅಳಿಸಿಹೋದರೆ ಅಂತ. ಬಂಕರ್ ಹಿಲ್ ಸ್ತಂಭಕ್ಕೆ 294 ಮೆಟ್ಟಿಲು. "ನಮ್ಮನಿ ಮೆಟ್ಟಲಾ 14. 21 ಸಲ ಹತ್ತಿದ್ರ ಬಾಸ್ಟನ್ ಇಲ್ಲೇ ಆತಲ್ಲ" ಎಂದು ಕಾಕು ಚೇಷ್ಟೆಗೆ ಅಂದರು. ಕಾಕಾ ಮರುದಿನವೇ ಹತ್ತಿದರು.

ನಾನೋ, ಬಸ್ಸು ಹತ್ತಿದ ಮೇಲೆ ಊರು ಯಾವುದೆಂದು ಕೇಳುವವನು. ಅದಕ್ಕೇ ಇರಬೇಕು, ತಾಲೀಮಿಗೆ ನನ್ನನ್ನೇ ಹಿಡಿದರು. ರವಿವಾರ ಬೆಳಕು ಹರಿಯುವ ಮುಂಚೆ ಮಿರಜ್ ಸ್ಟೇಶನ್ನಿನೆದುರು ಹೊಸ ಬೂಟು ಹಾಕಿಕೊಂಡು ನಿಂತಿದ್ದರು. "ಇದು ಬಾಸ್ಟನ್ ಕಾಮನ್ ಅಂತ ತಿಳಿ. ಒಟ್ಟು ನಾಕು ಕಿಲೋಮೀಟರ್. ಚಾಕ್ಕ ಹತ್ತು ನಿಮಿಷ, ಹನ್ನೊಂದು ಆಗಬಾರದು." ವಾನ್ಲೆಸ್ ಆಸ್ಪತ್ರೆಯ ಮಾತು ಬಂದಾಗ ಅವರದೊಂದು ಲೆಕ್ಕ: "ಅಮೆರಿಕದ ಮಿಷನ್ನಿನವರು 1894ರಾಗ ಇಲ್ಲಿ ಬಂದು ದವಾಖಾನಿ ಹಾಕ್ಯಾರ. ನಾವು ತಿರುಗಿ ಭೆಟ್ಟಿ ಕೊಡಾಕ ಇಷ್ಟರ ತಯಾರಿ ಬ್ಯಾಡೇನು?" ದರ್ಗಾ ಮುಟ್ಟಿದರೂ ನಾಲ್ಕು ಕಿಲೋಮೀಟರ್ ತುಂಬಲಿಲ್ಲ. ಬಿಸಿಲಲ್ಲಿ ಅದೇ ಓಣಿಗಳಲ್ಲಿ ಮತ್ತೆ ಸುತ್ತಿಸಿದರು. ಬೂಟು ಅವರನ್ನು ಕಚ್ಚಿತ್ತು, ಸಿಟ್ಟು ನನಗೆ ಬಂದಿತ್ತು.

ತಂಬೂರಿ ಮಾಡುವವರ ಓಣಿಗೆ ವೇಳಾಪಟ್ಟಿಯಲ್ಲಿ ಏಳೇ ನಿಮಿಷ. ಅಂಗಡಿಯ ಮಾಡಿಗೆ ಒಣ ಸೋರೆಬುರುಡೆ ತೂಗುಬಿಟ್ಟಿದ್ದವು. ಮುದುಕರೊಬ್ಬರು ತಂತಿಯ ಕೆಳಗೆ ನೂಲನ್ನು ಕೂದಲೆಳೆಯಷ್ಟು ಸರಿಸುತ್ತ, ಮೀಟುತ್ತ, ಮತ್ತೆ ಸರಿಸುತ್ತಿದ್ದರು. ಮಂಕಾಗಿದ್ದ ದನಿ ಒಮ್ಮೆಲೇ ಝೇಂಕರಿಸಿತು. ಕಾಕಾ ಕಟ್ಟೆಯ ಮೇಲೆ ಕೂತುಬಿಟ್ಟರು. ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ಬಾಳಿದ ಊರು ಇದು, 1937ರಲ್ಲಿ ತೀರಿಕೊಂಡ ಅವರ ಗೋರಿ ಇದೇ ದರ್ಗಾದಲ್ಲಿದೆ, ಇಲ್ಲಿಯ ತಂಬೂರಿಗೆ 2024ರಲ್ಲಿ ಜಿಐ ಪಟ್ಟವೂ ಸಿಕ್ಕಿತು ಎಂದೆಲ್ಲ ಹೇಳಿದರು. ಮಗಳಿಗೆ ತಂಬೂರಿ ಕೊಂಡದ್ದು ಇದೇ ಓಣಿಯಲ್ಲಂತೆ. ಈಗದು ಗವಸಣಿಯೊಳಗೆ ಅಟ್ಟದ ಮೇಲಿದೆ. "ವಿಮಾನದಾಗ ಎಷ್ಟು ಉದ್ದದ್ದು ಬಿಡ್ತಾರೋ, ನೋಡಬೇಕು" ಎಂದು ಬರೆದುಕೊಂಡರು. ಅರ್ಧ ತಾಸು ಕಳೆದದ್ದನ್ನು ನಾನು ನೆನಪಿಸಲಿಲ್ಲ. ಹೀಗೆ ಲೆಕ್ಕ ಹಾಕುತ್ತ ಕೂತವರಿಗೆ ನಗುವುದು ಸುಲಭ. ಹೋಗಿ ಬಂದ ಎಷ್ಟು ಜನರಿಗೆ ಆ ಊರಿನ ಮೆಟ್ಟಿಲುಗಳ ಲೆಕ್ಕ ಗೊತ್ತು?

ವೀಸಾದ ಮಾತು ತೆಗೆದರೆ ಮಾತ್ರ "ಥಂಡಿ ಮುಗೀಲಿ" ಎನ್ನುತ್ತಾರೆ. ಥಂಡಿ ಮುಗಿದರೆ ಕಾಕುವಿನ ಮೊಣಕಾಲು.

ಮೊನ್ನೆ ಮಗಳೇ ಆ ಗೆರೆ ಹಿಡಿದು ಹೊರಟಳು, ವಿಡಿಯೋ ಕಾಲ್ ಹಚ್ಚಿಕೊಂಡು. ಅಲ್ಲಿ ಬೆಳಗು, ಇಲ್ಲಿ ಊಟದ ಹೊತ್ತು.

"ಅಪ್ಪಾ, ಹ್ಯಾನೋವರ್ ಬೀದಿಗೆ ಬಂದೆ. ಪಾಲ್ ರಿವಿಯರ್ ಮನಿ ಎಲ್ಲಿ?"

"ರಿಚ್ಮಂಡ್ ಬೀದಿಗೆ ಬಲಕ್ಕ ಹೊರಳವ್ವಾ."

"ಮೊದಲು ಕಾಫಿ ಕುಡೀತೀನಿ."

"ಹತ್ತು ನಿಮಿಷ!"

ಕಾಕು ಮೂರನೆಯ ಸಲ ತಾಟು ಮುಚ್ಚಿಟ್ಟರು. ಬಂಕರ್ ಹಿಲ್ ಇನ್ನೂ ದೂರವಿತ್ತು.