ಹ್ಯಾಂಬರ್ಗ್ ಪ್ರತಿಯ ಕರ್ತೃವಿಚಾರ

ಹಳೆಯ ಕೃತಿಯೊಂದು ಕೈಗೆ ಸಿಕ್ಕಿದೊಡನೆ ವಿದ್ವಾಂಸನಾದವನು ಅದನ್ನು ಓದಲು ಕೂರಬಾರದು. ಮೊದಲು ಅದರ ಕಾಲ, ದೇಶ, ಕರ್ತೃ, ಪಾಠಾಂತರಗಳನ್ನು ಕುರಿತು ಜಗಳ ತೆಗೆಯಬೇಕು. ಓದುವ ಕೆಲಸವನ್ನು ವಿದ್ಯಾರ್ಥಿಗಳಿಗೆ ವಹಿಸಿದರಾಯಿತು. ಕನ್ನಡ ಸಂಶೋಧನೆಯ ಈ ಘನ ಪದ್ಧತಿಯನ್ನು ತಾಳೆಗರಿಗಷ್ಟೇ ಮೀಸಲಿಟ್ಟು ಟೇಪಿನ ಸುರುಳಿಯನ್ನು ಕಡೆಗಣಿಸಿದ್ದು ದೊಡ್ಡ ಲೋಪ. ಅದನ್ನು ತುಂಬಲು ಇಲ್ಲಿ ಎತ್ತಿಕೊಂಡಿರುವ ಕೃತಿ, ಬೀಟಲ್ಸ್ ತಂಡ 1962ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ ಹಾಡಿದ್ದರ ಧ್ವನಿಮುದ್ರಣ. 1977ರವರೆಗೆ ಲೋಕಕ್ಕೆ ಅದು ಕೇಳಿಸಲೇ ಇಲ್ಲ. ಕೇಳಿಸಿದ ಮೇಲೂ ಸರಿಯಾಗಿ ಕೇಳಿಸಲಿಲ್ಲ. ಇದರ ನಿಜವಾದ ಕರ್ತೃ ಜಾನ್ ಲೆನನ್ ಅಲ್ಲ, ಪಾಲ್ ಮೆಕಾರ್ಟ್ನಿಯೂ ಅಲ್ಲ, ಬಿಯರ್ ಎಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಮೊದಲು ದೇಶವಿಚಾರ. ಲಿವರ್‌ಪೂಲಿನ ಈ ಹುಡುಗರು ಸಮುದ್ರ ದಾಟಿ ಹ್ಯಾಂಬರ್ಗಿಗೆ ಬಂದದ್ದು 1960ರ ಆಗಸ್ಟಿನಲ್ಲಿ. ಅವರು ಮೊದಲು ಹಾಡಿದ ಕ್ಲಬ್ಬಿನ ಹೆಸರು ಇಂದ್ರ. ಹೊರಗೆ ಆನೆಯ ಫಲಕ. ಒಳಗೆ, ಇವರು ಬರುವ ತನಕ, ಬಟ್ಟೆ ಕಳಚುವ ನರ್ತಕಿಯರು. ಐರಾವತವೂ ಇದ್ದು ಅಪ್ಸರೆಯರೂ ಇದ್ದ ಮೇಲೆ ಅದು ಇಂದ್ರಸಭೆಯೇ ಎಂದು ಸಾಧಿಸಲು ನಮ್ಮವರಿಗೆ ಬೇರೆ ಆಧಾರವೇನೂ ಬೇಕಾಗುವುದಿಲ್ಲ. ಆದರೆ ಈ ದೇವೇಂದ್ರ, ಅಂದರೆ ಮಾಲೀಕ ಬ್ರೂನೋ ಕೋಶ್ಮಿಡರ್, ತನ್ನ ಗಂಧರ್ವರಿಗೆ ಕೊಟ್ಟದ್ದು ತಲೆಗೆ ದಿನಕ್ಕೆ 30 ಮಾರ್ಕ್ ಸಂಬಳ, ಜೊತೆಗೆ ಬಾಂಬಿ ಕಿನೋ ಎಂಬ ಟಾಕೀಸಿನ ಪರದೆಯ ಹಿಂದೆ, ಪಾಯಿಖಾನೆಗೆ ಅಂಟಿಕೊಂಡ ಕತ್ತಲೆ ಕೋಣೆ. ವಾರದ ದಿನಗಳಲ್ಲಿ ನಾಲ್ಕೂವರೆ ಗಂಟೆ, ಶನಿವಾರ ಭಾನುವಾರ ಆರು ಗಂಟೆ ಹಾಡಬೇಕು. ಆ ವರ್ಷದ ಕೊನೆಯಲ್ಲಿ ಜಾರ್ಜ್ ಹ್ಯಾರಿಸನ್ನನಿಗೆ ಹದಿನೆಂಟು ತುಂಬಿಲ್ಲವೆಂದು ಪೊಲೀಸರು ಊರಿಗೆ ಅಟ್ಟಿದರು. ಮೆಕಾರ್ಟ್ನಿಯೂ ಆಗಿನ ಡ್ರಮ್ಮರ್ ಪೀಟ್ ಬೆಸ್ಟನೂ ಇದ್ದ ಕೋಣೆಗೇ ಬೆಂಕಿ ಹಚ್ಚಲು ನೋಡಿದರೆಂಬ ಆರೋಪ ಬಂತು; ಅವರಿಗೂ ಅದೇ ದಾರಿ. ಇಂದ್ರಲೋಕದಿಂದ ಭೂಲೋಕಕ್ಕೆ ಉರುಳಿಬಿದ್ದ ಕಥೆಗಳು ಪುರಾಣಗಳಲ್ಲಿ ಬೇಕಾದಷ್ಟಿವೆ.

ಸ್ಟಾರ್ ಕ್ಲಬ್ ಬಾಗಿಲು ತೆರೆದದ್ದು 1962ರ ಏಪ್ರಿಲ್ 13ರಂದು, ಇಂದ್ರ ಕ್ಲಬ್ಬಿದ್ದ ಗ್ರೋಸೆ ಫ್ರೈಹೈಟ್ ಬೀದಿಯದೇ ಹಳೆಯ ಸಿನಿಮಾ ಮಂದಿರವೊಂದರಲ್ಲಿ. ಅಲ್ಲಿನ ಉಸ್ತುವಾರಿ ಹೋರ್ಸ್ಟ್ ಫಾಷರ್ ಎಂಬ ಮಾಜಿ ಬಾಕ್ಸರ್‌ನದು. ತಂಡ ಐದನೆಯ ಮತ್ತು ಕೊನೆಯ ಸಲ ಹ್ಯಾಂಬರ್ಗಿಗೆ ಬಂದದ್ದು ಡಿಸೆಂಬರ್ 18ಕ್ಕೆ. ಬರುವ ಮನಸ್ಸಿರಲಿಲ್ಲ. ಅಕ್ಟೋಬರಿನಲ್ಲಿ ‘ಲವ್ ಮಿ ಡೂ’ ಹೊರಬಂದು ಬ್ರಿಟನ್ನಿನ ಪಟ್ಟಿಯಲ್ಲಿ 17ನೇ ಸ್ಥಾನದತ್ತ ಏರುತ್ತಿತ್ತು. ಹಿಂದೆಯೇ ಒಪ್ಪಿಕೊಂಡಿದ್ದ ಕರಾರು ಮಾತ್ರ ಬಿಡಲಿಲ್ಲ. ಮನಸ್ಸಿಲ್ಲದೆ ಬಂದವರು ಹೇಗೆ ಹಾಡಬಹುದೋ ಹಾಗೆ ಹಾಡಿದ್ದಾರೆಂದು ಈ ಟೇಪನ್ನು ತಳ್ಳಿಹಾಕುವವರಿದ್ದಾರೆ. ಅದಕ್ಕೆ ಉತ್ತರ ಮುಂದಿದೆ.

ಕಾಲವಿಚಾರ ಇನ್ನೂ ರಸವತ್ತಾದದ್ದು. 1977ರಲ್ಲಿ ಡಿಸ್ಕು ಹೊರತಂದವರು ಇದು 1962ರ ವಸಂತಕಾಲದ ಮುದ್ರಣವೆಂದು ಸಾರಿದರು. ಆಗ ತಂಡದಲ್ಲಿದ್ದವನು ಪೀಟ್ ಬೆಸ್ಟ್, ಟೇಪಿನಲ್ಲಿ ಬಾರಿಸುತ್ತಿರುವವನು ರಿಂಗೋ ಸ್ಟಾರ್. ಹಾಗಾದರೆ ರಿಂಗೋ ಆ ದಿನ ಬದಲಿಗೆ ಕೂತಿದ್ದನಂತೆ! ತಂಡ ಇಎಂಐ ಕಂಪನಿಯ ಕರಾರಿಗೆ ಒಳಪಟ್ಟದ್ದು ಜೂನ್ ತಿಂಗಳಲ್ಲಿ ಎಂಬ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಪ್ರಕಾಶಕರಿಗೆ ವಸಂತಋತು ಏಕೆ ಅಷ್ಟು ಪ್ರಿಯವೆಂಬುದು ತಿಳಿಯುತ್ತದೆ. ಆದರೆ ಅಂತರಂಗ ಪ್ರಮಾಣ ಒಪ್ಪಬೇಕಲ್ಲ. ಟೇಪಿನಲ್ಲಿ ‘ಐ ರಿಮೆಂಬರ್ ಯೂ’ ಇದೆ. ಹಾಡು ಹಳೆಯದಾದರೂ ಫ್ರಾಂಕ್ ಐಫೀಲ್ಡನ ಧಾಟಿಯಲ್ಲಿ ಅದು ಬ್ರಿಟನ್ನಿನ ಪಟ್ಟಿಯ ತುದಿಗೇರಿದ್ದು ಜುಲೈನಲ್ಲಿ. ಬಡ್ಡಿ ಹಾಲಿಯ ‘ರೆಮಿನಿಸಿಂಗ್’ ಇದೆ. ಅವನು ಸತ್ತು ಮೂರು ವರ್ಷಗಳಾದ ಮೇಲೆ ಅದು ಹೊರಬಂದದ್ದು ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ. ಇನ್ನೂ ಹುಟ್ಟದ ಹಾಡನ್ನು ಹಾಡುವ ಶಕ್ತಿ ತಂಡಕ್ಕಿತ್ತೆಂದು ಒಪ್ಪಿದರೆ ಬೇರೆ ಮಾತು. ಇಲ್ಲವಾದರೆ ಇದು ಡಿಸೆಂಬರಿನ ಕೊನೆಯ ದಿನಗಳದೇ, ಅದೂ ಒಂದೇ ರಾತ್ರಿಯದಲ್ಲ.

ಇನ್ನು ಲಿಪಿಕಾರ. ಟೆಡ್ ‘ಕಿಂಗ್‌ಸೈಜ್’ ಟೇಲರ್ ಎಂಬ ಲಿವರ್‌ಪೂಲಿನ ಇನ್ನೊಬ್ಬ ಹಾಡುಗಾರ ಸುರುಳಿಗಳ ಒಡೆಯ. ಯಂತ್ರ ನಡೆಸಿದವನು ಕ್ಲಬ್ಬಿನ ರಂಗ ನಿರ್ವಾಹಕ ಏಡ್ರಿಯನ್ ಬಾರ್ಬರ್. ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ತಲೆಮಾರುಗಟ್ಟಲೆ ಕಾದಾಡಿದ ನಾಡಿಗೆ ಇಂಥ ಜಂಟಿ ಖಾತೆ ಹೊಸದಲ್ಲ. ಯಂತ್ರ ಮನೆಯಲ್ಲಿ ಇಟ್ಟುಕೊಳ್ಳುವ ಗ್ರುಂಡಿಗ್. ಟೇಪು ಓಡಿದ ವೇಗ ಸೆಕೆಂಡಿಗೆ ಸುಮಾರು 9.5 ಸೆಂಟಿಮೀಟರ್, ವೇದಿಕೆಯ ಮುಂದೆ ಒಂದೇ ಒಂದು ಮೈಕು. ಸ್ಟುಡಿಯೋಗಳಲ್ಲಿ ಟೇಪು ಇದರ ನಾಲ್ಕು ಪಟ್ಟು ವೇಗದಲ್ಲಿ ಓಡುತ್ತಿತ್ತು. ನಿಧಾನವಾಗಿ ಓಡಿದಷ್ಟೂ ತಾರ ಸ್ವರಗಳು ಸವೆದು ಹೋಗುತ್ತವೆ. ಹಾಗಾಗಿ ಗಿಟಾರು ಡ್ರಮ್ಮುಗಳು ಎದೆಗೆ ಗುದ್ದುವಂತೆ ಬಂದರೆ ಹಾಡುವವರು ಪಕ್ಕದ ಮನೆಯಲ್ಲಿ ಕಿರುಚುತ್ತಿರುವಂತೆ ಕೇಳಿಸುತ್ತಾರೆ. ಎಲ್ಲಕ್ಕೂ ಮುಖ್ಯವಾದದ್ದು ದಾನಪತ್ರದ ಅಂಶ. ಟೇಲರ್ ಕೊಟ್ಟ ಹೇಳಿಕೆಯಂತೆ, ಮುದ್ರಿಸಿಕೊಳ್ಳಲು ಲೆನನ್ ಬಾಯಿಮಾತಿನಲ್ಲಿ ಒಪ್ಪಿದ್ದ. ಪ್ರತಿಫಲ, ಹಾಡುವಾಗ ಬಿಯರ್ ಒದಗಿಸುವುದು. ಆಚಂದ್ರಾರ್ಕ ಎಂಬ ಮಾತೊಂದು ಸೇರಿದ್ದರೆ ಪಕ್ಕಾ ಶಾಸನವೇ ಆಗುತ್ತಿತ್ತು.

ಈ ಬಿಯರ್ ಕೃತಿಯೊಳಗೂ ಇಳಿದಿದೆ. ಹಾಡುಗಳ ನಡುವೆ ಲೆನನ್ ಸಭಿಕರನ್ನು ಛೇಡಿಸುತ್ತಾನೆ, ಸಾಲುಗಳಲ್ಲಿ ಪೋಲಿ ಪದ ತುರುಕುತ್ತಾನೆ. ‘ಬಿ ಬಾಪ್ ಎ ಲೂಲಾ’ ಬಂದಾಗ ತಂಡದವರು ಸುಮ್ಮನೆ ನುಡಿಸುತ್ತಾರೆ; ಹಾಡುವವನು ಫ್ರೆಡ್ ಫಾಷರ್, ಕ್ಲಬ್ಬಿನ ಮಾಣಿ. ಮುಂದೆ ‘ಹಲೆಲೂಯಾ ಐ ಲವ್ ಹರ್ ಸೋ’ ಹಾಡಲು ನಿಂತವನು ಅವನ ಅಣ್ಣ ಹೋರ್ಸ್ಟ್. ಇವೆರಡೂ ಪ್ರಕ್ಷಿಪ್ತವೆಂದು ಕೈಬಿಡಬೇಕೆನ್ನುವ ಶುದ್ಧವಾದಿಗಳು ಒಂದನ್ನು ಗಮನಿಸಬೇಕು: ಬಾಕ್ಸರ್ ಆಗಿದ್ದ ಮ್ಯಾನೇಜರು ಮೈಕು ಕೇಳಿದಾಗ ಕೊಡುವುದು ಮೂಲ ಕವಿಯ ಆಶಯವೇ ಆಗಿರುತ್ತದೆ.

ಇಷ್ಟಾದರೂ, ಶಾಸ್ತ್ರವನ್ನು ಒಂದು ಕ್ಷಣ ಬದಿಗಿಟ್ಟು ಕಿವಿಗೊಟ್ಟರೆ, ಆ ಗದ್ದಲದಲ್ಲಿ ಭಯಂಕರವಾಗಿ ಪಳಗಿದ ತಂಡವೊಂದು ಇದೆ. 1977ರ ಡಿಸ್ಕಿನ 26 ಹಾಡುಗಳಲ್ಲಿ ಅವರದೇ ರಚನೆಗಳು ಎರಡೇ, ‘ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್’ ಮತ್ತು ‘ಆಸ್ಕ್ ಮಿ ವೈ’. ಉಳಿದವು ಚಕ್ ಬೆರಿ, ಕಾರ್ಲ್ ಪರ್ಕಿನ್ಸ್, ಲಿಟಲ್ ರಿಚರ್ಡ್ ಮುಂತಾದವರ ಅಂಗಡಿಯ ಸರಕು. ನಡುವೆ ಮೆಕ್ಸಿಕೋದ ‘ಬೆಸಾಮೆ ಮೂಚೋ’. ಸಾಲದ್ದಕ್ಕೆ 1930ರ ‘ದಿ ಬ್ಲೂ ಏಂಜೆಲ್’ ಚಿತ್ರದಲ್ಲಿ ಮಾರ್ಲೀನ್ ಡೀಟ್ರಿಕ್ ಹಾಡಿದ ಹಾಡನ್ನೇ ಮೆಕಾರ್ಟ್ನಿ ಜರ್ಮನರಿಗೆ ವಾಪಸು ಹಾಡಿ ತೋರಿಸುತ್ತಾನೆ. ಇದಾಗಿ ಆರು ವಾರ ಕಳೆಯುವಷ್ಟರಲ್ಲಿ, 1963ರ ಫೆಬ್ರವರಿ 11ರಂದು, ಲಂಡನ್ನಿನ ಸ್ಟುಡಿಯೋದಲ್ಲಿ ಒಂದೇ ದಿನಕ್ಕೆ ಹತ್ತು ಹಾಡು ಮುಗಿಸಿ ಮೊದಲ ಆಲ್ಬಮ್ಮಿನ ಬಹುಪಾಲನ್ನು ಕಟ್ಟಿಬಿಟ್ಟರು. ಅದನ್ನು ಪವಾಡವೆನ್ನುವವರು ‘ಟ್ವಿಸ್ಟ್ ಅಂಡ್ ಶೌಟ್’ ಹ್ಯಾಂಬರ್ಗಿನಲ್ಲಿ ಹೇಗಿತ್ತೆಂದು ಕೇಳಬೇಕು. ಕಂಠ ಹರಿಯುವ ಆ ಲೆನನ್ ಅಲ್ಲಿ ಆಗಲೇ ದಿನಗೂಲಿಗೆ ದುಡಿಯುತ್ತಿದ್ದಾನೆ.

ಪ್ರತಿ ದೊರೆತ ಕಥೆ ಸಂಪ್ರದಾಯದಂತೆ ಎರಡು ಬಗೆ. ಟೇಲರ್ ಹೇಳುವಂತೆ, ಅರವತ್ತರ ದಶಕದ ನಡುವೆ ಬೀಟಲ್ಸ್ ಮ್ಯಾನೇಜರ್ ಬ್ರಯನ್ ಎಪ್‌ಸ್ಟೈನ್‌ಗೆ ಟೇಪು ತೋರಿಸಿದಾಗ ಆತ ಕೊಡಹೋದದ್ದು 20 ಪೌಂಡ್. ಬೇಡವೆಂದು ಮನೆಯಲ್ಲಿಟ್ಟವನು 1973ರವರೆಗೆ ಅದನ್ನು ಮರೆತೇಬಿಟ್ಟಿದ್ದ. ತಂಡವನ್ನು ಮೊದಲು ಹ್ಯಾಂಬರ್ಗಿಗೆ ಕರೆತಂದಿದ್ದ ಅಲನ್ ವಿಲಿಯಮ್ಸ್ ಹೇಳುವಂತೆ, ಅದು ಸಿಕ್ಕಿದ್ದು ಪಾಳುಬಿದ್ದ ಆಫೀಸೊಂದರ ಕಸದ ನಡುವೆ. ಎರಡನೆಯದೇ ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ, ಯಾವ ಮಹತ್ವದ ಪ್ರತಿಯೂ ಕಸವಿಲ್ಲದೆ ಸಿಕ್ಕಿದ ಉದಾಹರಣೆ ಇಲ್ಲ. ವಿಲಿಯಮ್ಸ್ ಕೇಳಿದ ಬೆಲೆ ಒಂದು ಲಕ್ಷ ಪೌಂಡ್. ಕೊನೆಗೆ ಪ್ರಕಟಿಸಿದ್ದು ಲಿಂಗಸಾಂಗ್ ಎಂಬ ಕಂಪನಿ. ಹೆಸರು ಕೇಳಿ ವಚನ ಸಂಪುಟಗಳ ಪ್ರಕಾಶಕರೆಂದು ಯಾರೂ ಭ್ರಮಿಸಬಾರದು.

ಪ್ರಕಟವಾದದ್ದರಲ್ಲೂ ಎರಡು ಪರಂಪರೆ. ಜರ್ಮನಿ ಮತ್ತು ಬ್ರಿಟನ್ನಿನ ಪಾಠ ಒಂದು. ಅಮೆರಿಕದ ಪಾಠದಲ್ಲಿ ನಾಲ್ಕು ಹಾಡು ತೆಗೆದು ಬೇರೆ ನಾಲ್ಕನ್ನು ಸೇರಿಸಿದ್ದಾರೆ. ಮಹಾಭಾರತಕ್ಕೆ ಔತ್ತರೇಯ, ದಾಕ್ಷಿಣಾತ್ಯ ಪಾಠಗಳಾಗಲು ಶತಮಾನಗಳು ಹಿಡಿದವು, ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಅದೇ ಕೆಲಸ ಕೆಲವೇ ವಾರಗಳಲ್ಲಿ ಮುಗಿದಿದೆ.

ಬಿಡುಗಡೆ ತಡೆಯಲು 1977ರಲ್ಲಿ ತಂಡ ಮಾಡಿದ ಪ್ರಯತ್ನ ಫಲಿಸಲಿಲ್ಲ. ವ್ಯಾಜ್ಯ ಕೊನೆ ಕಂಡದ್ದು 1998ರಲ್ಲಿ, ಲಂಡನ್ನಿನ ಹೈಕೋರ್ಟಿನಲ್ಲಿ. ಬಿಯರಿಗೆ ಒಪ್ಪಿದನೆನ್ನಲಾದ ಲೆನನ್ ತೀರಿಕೊಂಡು ಹದಿನೇಳು ವರ್ಷಗಳಾಗಿದ್ದವು. ಸಾಕ್ಷಿಕಟ್ಟೆ ಏರಿದವನು ಹ್ಯಾರಿಸನ್. ಲೆನನ್ ಒಪ್ಪಿದ್ದರೂ ಅದು ಉಳಿದವರ ಒಪ್ಪಿಗೆಯಲ್ಲ, ಕುಡಿದವನೊಬ್ಬ ಕುಡಿದವರ ಗುಂಪನ್ನು ಮುದ್ರಿಸಿಕೊಂಡರೆ ಅದು ವ್ಯವಹಾರ ಎನಿಸುವುದಿಲ್ಲ, ತಮ್ಮ ಹೆಸರಿನಲ್ಲಿ ಬಂದವುಗಳಲ್ಲೆಲ್ಲ ಇಷ್ಟು ದರಿದ್ರ ಮುದ್ರಣ ಇನ್ನೊಂದಿಲ್ಲ ಎಂಬುದು ಆತನ ವಾದದ ತಾತ್ಪರ್ಯ. ಕೇಸು ಮುಂದೆ ಸಾಗಲಿಲ್ಲ. ಲಿಂಗಸಾಂಗ್ ಸುರುಳಿಗಳನ್ನೂ ಹಕ್ಕುಗಳನ್ನೂ ಬೀಟಲ್ಸಿಗೆ ಒಪ್ಪಿಸಿ ಕೈತೊಳೆದುಕೊಂಡಿತು. ಕಾನೂನು ಹೀಗೆ ಕರ್ತೃವಿನ ಮಾತನ್ನು ನಂಬಿರಬಹುದು. ಸಂಶೋಧನಾಶಾಸ್ತ್ರಕ್ಕೆ ಆ ಆತುರವಿಲ್ಲ: ಕೃತಿ ರಚನೆಯ ವೇಳೆ ತಾವೆಲ್ಲ ಅಮಲಿನಲ್ಲಿದ್ದೆವೆಂದು ಸಾಕ್ಷಿಯೇ ಒಪ್ಪಿಕೊಂಡಿರುವುದರಿಂದ, ಅದರ ಗುಣಾವಗುಣಗಳ ಬಗ್ಗೆ ಆತನ ಹೇಳಿಕೆಯನ್ನು ಪ್ರಮಾಣವಾಗಿ ಸ್ವೀಕರಿಸಲು ಬರುವುದಿಲ್ಲ. ಮೇಲಿನ ಪ್ರತಿಜ್ಞೆಯನ್ನು ಸಾಧಿಸಲು ಮಾತ್ರ ಅದು ಧಾರಾಳವಾಗಿ ಸಲ್ಲುತ್ತದೆ.